ಜಾನ್ ಹ್ಯೂಮ್ ಪಕ್ಷ ಎಲ್ಲಿ ಹೋಯ್ತು? ಎಸ್‌ಡಿಎಲ್‌ಪಿ ಸೊರಗಿದ ಕಥೆ

ಪ್ರಶ್ನೆ: ನಾನು ಮೈಸೂರು ಕಡೆಯವನು, ಈಗ ಬೆಲ್‌ಫಾಸ್ಟ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಇಲ್ಲಿ ಆಫೀಸಲ್ಲಿ ಸ್ವಲ್ಪ ವಯಸ್ಸಾದ ಕ್ಯಾಥೊಲಿಕ್ ಸಹೋದ್ಯೋಗಿಗಳು ಜಾನ್ ಹ್ಯೂಮ್ ಹೆಸರು ಬಂದ್ರೆ ಕೈ ಮುಗಿಯೋ ಥರ ಮಾತಾಡ್ತಾರೆ, ಆದ್ರೆ ಅವ್ರ ಪಕ್ಷಕ್ಕೆ ವೋಟ್ ಹಾಕ್ತೀರಾ ಅಂದ್ರೆ ನಕ್ಕು ಸುಮ್ನಾಗ್ತಾರೆ. ಶಾಂತಿ ಒಪ್ಪಂದ ತಂದ ಪಕ್ಷ ಇಷ್ಟು ಕೆಳಗೆ ಹೇಗೆ ಬಂತು? ಪೂರ್ತಿ ಮುಗಿದೇ ಹೋಗುತ್ತಾ? ನನಗೂ ಇಲ್ಲಿ ವೋಟ್ ಇದೆ ಅಂತಾರೆ, 2027ರಲ್ಲಿ ಅವ್ರಿಗೆ ಹಾಕಿದ್ರೆ ವೇಸ್ಟಾ?

ಉತ್ತರ: ಮೊದಲು ಅಂಕಿ ಹೇಳ್ಬಿಡ್ತೀನಿ, ಆಮೇಲೆ ಮಾತು. 1998ರ ಜೂನ್‌ನಲ್ಲಿ, ಅಂದ್ರೆ ಹಿಂಸೆ ನಿಲ್ಸೋಕೆ ಮಾಡ್ಕೊಂಡ ಗುಡ್ ಫ್ರೈಡೇ ಶಾಂತಿ ಒಪ್ಪಂದ ಆಗಿ ಎರಡೇ ತಿಂಗಳಿಗೆ, ಉತ್ತರ ಐರ್ಲೆಂಡಿನ ಮೊದಲ ಅಸೆಂಬ್ಲಿ ಚುನಾವಣೆ ಆಯ್ತು. ಆಗ ಸೋಶಿಯಲ್ ಡೆಮಾಕ್ರಟಿಕ್ ಅಂಡ್ ಲೇಬರ್ ಪಾರ್ಟಿ, ಎಲ್ರೂ ಎಸ್‌ಡಿಎಲ್‌ಪಿ ಅಂತಾರಲ್ಲ, ಅದಕ್ಕೆ ಸುಮಾರು 1.78 ಲಕ್ಷ ಮೊದಲ ಪ್ರಾಶಸ್ತ್ಯದ ವೋಟು, ಶೇಕಡಾ 22. ವೋಟಿನ ಲೆಕ್ಕದಲ್ಲಿ ಇಡೀ ಪ್ರಾಂತ್ಯಕ್ಕೇ ನಂಬರ್ ಒನ್, ಬ್ರಿಟನ್ ಜೊತೆಗೇ ಇರ್ಬೇಕು ಅನ್ನೋ, ಹೆಚ್ಚಾಗಿ ಪ್ರೊಟೆಸ್ಟಂಟರ ಯೂನಿಯನಿಸ್ಟ್ ಪಕ್ಷಗಳನ್ನೂ ಸೇರಿಸಿ. 108 ಸೀಟಲ್ಲಿ 24 ಬಂತು. 2022ರ ಮೇನಲ್ಲಿ ಅದೇ ಪಕ್ಷಕ್ಕೆ ಬಿದ್ದಿದ್ದು 78 ಸಾವಿರ ಚಿಲ್ಲರೆ ವೋಟು, ಶೇಕಡಾ 9.1, 90ರಲ್ಲಿ 8 ಸೀಟು. ಮಾರನೇ ವರ್ಷ ಲೋಕಲ್ ಕೌನ್ಸಿಲ್ ಎಲೆಕ್ಷನ್, 59 ಇದ್ದಿದ್ದು 39ಕ್ಕೆ ಇಳೀತು, ಐಆರ್‌ಎ ಅನ್ನೋ ಸಶಸ್ತ್ರ ಗುಂಪಿನ ರಾಜಕೀಯ ಮುಖವಾಗಿದ್ದ ಶಿನ್ ಫೇನ್ 144 ತಗೊಂಡು ಮೊದಲ ಸ್ಥಾನಕ್ಕೆ ಹೋಯ್ತು. ಸೋ ನಿಮ್ಮ ಆಫೀಸಿನೋರು ಸುಮ್ನೆ ನಗ್ತಿಲ್ಲ.

ಇದಕ್ಕೆ ಅಲ್ಲಿ ಯಾರನ್ನ ಕೇಳಿದ್ರೂ ಒಂದು ರೆಡಿ ಉತ್ತರ ಸಿಗುತ್ತೆ. ಇರುವೆ ಕಟ್ಟಿದ ಹುತ್ತ ಹಾವಿಗೆ ಮನೆಯಾಯ್ತು ಅನ್ನೋ ನಮ್ಮ ಗಾದೆ ಇದ್ಯಲ್ಲ, ಅದೇ ವಾದ: ಶಾಂತಿಯ ದಾರಿ ತೋರಿಸಿದ್ದು ಎಸ್‌ಡಿಎಲ್‌ಪಿ, ಅದರಲ್ಲಿ ನಡ್ಕೊಂಡು ಬಂದು ಅಧಿಕಾರ ಹಿಡಿದಿದ್ದು ಶಿನ್ ಫೇನ್. ಸುಳ್ಳಲ್ಲ ಇದು. ಆದ್ರೆ ನನ್ನ ಪ್ರಕಾರ ಇದು ಮೊದಲ ನಾಲ್ಕೈದು ವರ್ಷದ ಕುಸಿತಕ್ಕೆ ಮಾತ್ರ ಉತ್ತರ. ಆಮೇಲಿನ ಇಪ್ಪತ್ತು ವರ್ಷಕ್ಕೂ ಇದನ್ನೇ ಹೇಳ್ಕೊಂಡು ಕೂತಿದ್ದೇ ಆ ಪಕ್ಷದವ್ರು ಮಾಡ್ಕೊಂಡ ದೊಡ್ಡ ಎಡವಟ್ಟು, ಯಾಕಂದ್ರೆ ನಾವು ತ್ಯಾಗ ಮಾಡಿ ಸೋತ್ವಿ ಅಂದ್ಕೊಂಡ್ಬಿಟ್ರೆ ನಮ್ಮ ಮನೆಯೊಳಗೆ ಏನು ಕೆಟ್ಟಿದೆ ಅಂತ ನೋಡೋ ಅಗತ್ಯಾನೇ ಬರಲ್ಲ.

ಪಕ್ಷ ಹುಟ್ಟಿದ್ದು 1970ರ ಆಗಸ್ಟ್‌ನಲ್ಲಿ. ಉತ್ತರ ಐರ್ಲೆಂಡಿನ ಆಗಿನ ಸ್ಟಾರ್ಮಾಂಟ್ ಪಾರ್ಲಿಮೆಂಟಿನ ಆರು ಎಂಪಿಗಳು, ಒಬ್ರು ಸೆನೆಟರ್, ಬೇರೆ ಬೇರೆ ಕಡೆಯಿಂದ ಬಂದು ಸೇರಿದ್ರು. ಬೆಲ್‌ಫಾಸ್ಟಿನ ಜೆರ್ರಿ ಫಿಟ್, ಹಡಗಲ್ಲಿ ದುಡಿದು ಬಂದೋರು, ಅವ್ರೇ ಮೊದಲ ನಾಯಕ. ಪ್ಯಾಡಿ ಡೆವ್ಲಿನ್, ಪಕ್ಕಾ ಸಮಾಜವಾದಿ, ಹುಡುಗನಾಗಿದ್ದಾಗ ಐಆರ್‌ಎಯಲ್ಲಿದ್ದು ಜೈಲಿಗೆ ಹೋಗಿ ಬಂದು ಆಮೇಲೆ ಲೇಬರ್ ರಾಜಕೀಯಕ್ಕೆ ಇಳಿದೋರು. ಐವನ್ ಕೂಪರ್ ಅಂತ ಪ್ರೊಟೆಸ್ಟಂಟ್ ಒಬ್ರು. ಡೆರ್ರಿಯಿಂದ ಜಾನ್ ಹ್ಯೂಮ್, ಸ್ಕೂಲ್ ಮೇಷ್ಟ್ರು, ಊರಲ್ಲಿ ಕ್ರೆಡಿಟ್ ಯೂನಿಯನ್ ಕಟ್ಟಿ ಹೆಸರು ಮಾಡಿದ್ರು. ಚಿಕ್ಕವರಿದ್ದಾಗ ಐರ್ಲೆಂಡ್ ಒಂದಾಗ್ಬೇಕು ಅನ್ನೋ ನ್ಯಾಷನಲಿಸ್ಟ್ ಸಭೆಯಲ್ಲಿ ಬಾವುಟ ಬೀಸೋದು ನೋಡಿ ರೋಮಾಂಚನ ಆಗ್ತಿದ್ರೆ, ಕೆಲಸ ಇಲ್ದೆ ಕೂತಿದ್ದ ಅವ್ರಪ್ಪ, ಬಾವುಟ ತಿಂದು ಹೊಟ್ಟೆ ತುಂಬಲ್ಲ ಕಣೋ ಅಂದಿದ್ರಂತೆ, ಹ್ಯೂಮ್ ಇದನ್ನ ಜೀವನ ಪೂರ್ತಿ ಹೇಳ್ತಿದ್ರು. ಕ್ಯಾಥೊಲಿಕ್ಕರೇ ಜಾಸ್ತಿ ಇದ್ದ ಡೆರ್ರಿಯಲ್ಲಿ ವಾರ್ಡ್ ಗೆರೆ ಎಳೆದು ಯೂನಿಯನಿಸ್ಟರೇ ಕೌನ್ಸಿಲ್ ಹಿಡ್ಕೊಂಡಿದ್ದ ಕಾಲ ಅದು, ಮನೆ ಹಂಚಿಕೆ, ಕೆಲಸ, ವೋಟು, ಎಲ್ಲದರಲ್ಲೂ ತಾರತಮ್ಯ. ಅಂದ್ರೆ ಹುಟ್ಟಿದಾಗ ಪಕ್ಷಕ್ಕೆ ಎರಡು ಬಣ್ಣ ಇತ್ತು, ಕಾರ್ಮಿಕರ ಕೆಂಪು ಮತ್ತೆ ಐರಿಷ್ ಹಸಿರು.

ಕೆಂಪು ಬೇಗ ಮಾಸಿಹೋಯ್ತು. 1973ರ ಸನ್ನಿಂಗ್‌ಡೇಲ್ ಒಪ್ಪಂದದ ಮೇಲೆ ಯೂನಿಯನಿಸ್ಟರ ಜೊತೆ ಸೇರಿ ಸರ್ಕಾರ ಮಾಡಿದ್ರು, ಬ್ರಯನ್ ಫಾಕ್ನರ್ ಮುಖ್ಯಸ್ಥ, ಫಿಟ್ ಡೆಪ್ಯುಟಿ. 1974ರ ಮೇನಲ್ಲಿ ಲಾಯಲಿಸ್ಟ್, ಅಂದ್ರೆ ಕಟ್ಟಾ ಬ್ರಿಟನ್ ಪರ, ಕಾರ್ಮಿಕರು ಸ್ಟ್ರೈಕ್ ಮಾಡಿ ಕರೆಂಟ್ ನಿಲ್ಸಿ ಐದು ತಿಂಗಳಿಗೇ ಬೀಳಿಸಿದ್ರು. ಆಮೇಲೆ ಪಕ್ಷದೊಳಗೆ ಡಬ್ಲಿನ್, ಅಂದ್ರೆ ಐರಿಷ್ ಸರ್ಕಾರ, ಇಲ್ದೆ ಯಾವ ಪರಿಹಾರನೂ ಇಲ್ಲ ಅನ್ನೋ ದನಿ ಜೋರಾಯ್ತು, ಡೆವ್ಲಿನ್‌ನ 1977ರಲ್ಲಿ ಹೊರಗೆ ಹಾಕಿದ್ರು, 1979ರಲ್ಲಿ ಫಿಟ್ ತಾವೇ ಬಿಟ್ಟು ಹೋದ್ರು, ಇದು ಬರೀ ನ್ಯಾಷನಲಿಸ್ಟ್ ಪಕ್ಷ ಆಗೋಯ್ತು ಅಂತ. ಹ್ಯೂಮ್ ನಾಯಕರಾದ್ರು. ಇದನ್ನ ಜನ ಒಂದು ಹಳೇ ಜಗಳ ಅಂತ ದಾಟಿಸ್ಬಿಡ್ತಾರೆ, ನನಗೆ ಇದೇ ಮುಖ್ಯ ಅನ್ಸುತ್ತೆ. ಫಿಟ್, ಡೆವ್ಲಿನ್ ಹೋದ್ಮೇಲೆ ಪಶ್ಚಿಮ ಬೆಲ್‌ಫಾಸ್ಟಿನ ಬಡ ಬೀದಿಗಳಲ್ಲಿ ಪಕ್ಷಕ್ಕೆ ಬೇರು ಉಳೀಲಿಲ್ಲ. ಹೆಸರಲ್ಲಿ ಲೇಬರ್ ಇತ್ತು, ಬ್ರಿಟನ್ನಿನ ಲೇಬರ್ ಜೊತೆ ನಂಟಿತ್ತು, ಆದ್ರೆ ವೇದಿಕೆ ಮೇಲೆ ಕೂತೋರು ಹೆಡ್‌ಮಾಸ್ಟ್ರು, ಡಾಕ್ಟ್ರು, ಲಾಯರ್‌ಗಳು. ಶೇಮಸ್ ಮ್ಯಾಲನ್ ಹೆಡ್‌ಮಾಸ್ಟರ್, ಜೋ ಹೆಂಡ್ರನ್ ಡಾಕ್ಟರ್, ಅಲಸ್ಡೇರ್ ಮೆಕ್‌ಡೊನೆಲ್ ಡಾಕ್ಟರ್. ಒಳ್ಳೆ ಜನ, ಅದರಲ್ಲಿ ಡೌಟಿಲ್ಲ. ಆದ್ರೆ 1981ರಲ್ಲಿ ಐಆರ್‌ಎ ಕೈದಿ ಬಾಬಿ ಸ್ಯಾಂಡ್ಸ್ ಜೈಲಲ್ಲಿ ಉಪವಾಸ ಕೂತೇ ಎಂಪಿಯಾಗಿ ಗೆದ್ದು ಸತ್ತಾಗ ಆ ಬೀದಿಗಳ ಸಿಟ್ಟಿಗೆ ಮಾತು ಕೊಟ್ಟೋರು ಶಿನ್ ಫೇನ್ ಹುಡುಗರು. 1983ರಲ್ಲಿ ಪಶ್ಚಿಮ ಬೆಲ್‌ಫಾಸ್ಟಲ್ಲಿ ಶಿನ್ ಫೇನ್‌ನ ಜೆರ್ರಿ ಆಡಮ್ಸ್ ಗೆದ್ರು, ಸೋತೋರಲ್ಲಿ ಇದೇ ಫಿಟ್ ಒಬ್ರು, ಆಗ ಪಕ್ಷೇತರರಾಗಿ ನಿಂತಿದ್ರು.

ಈಗ ಹ್ಯೂಮ್ ಮಾಡಿದ ದೊಡ್ಡ ಕೆಲಸಕ್ಕೆ ಬರ್ತೀನಿ. 1988ರಲ್ಲಿ, ಆಮೇಲೆ ಮತ್ತೆ 1990ರ ದಶಕದ ಶುರುವಲ್ಲಿ, ಅವರು ಆಡಮ್ಸ್ ಜೊತೆ ಮಾತಾಡಿದ್ರು. ಬಾಂಬು ಸಿಡೀತಿದ್ದ ಟೈಮು. ಡಬ್ಲಿನ್ ಪೇಪರ್‌ಗಳು ಉಗಿದ್ವು, ಸ್ವಂತ ಪಕ್ಷದ ಎಷ್ಟೋ ಜನಕ್ಕೆ ಇಷ್ಟ ಇರ್ಲಿಲ್ಲ, ಯಾಕಂದ್ರೆ ಬಂದೂಕು ಕೆಳಗಿಟ್ಟ ಶಿನ್ ಫೇನ್ ಅಂದ್ರೆ ನಾಳೆ ನಮ್ಮ ವೋಟನ್ನೇ ತಿನ್ನೋ ಶಿನ್ ಫೇನ್ ಅಂತ ಅವ್ರಿಗೆ ಗೊತ್ತಿತ್ತು. ಹ್ಯೂಮ್‌ಗೂ ಗೊತ್ತಿಲ್ದೆ ಇರ್ಲಿಲ್ಲ. ಪಕ್ಷಕ್ಕಿಂತ ಜೀವ ದೊಡ್ಡದು ಅಂತ ಮುಂದೆ ಹೋದ್ರು. 1994ರ ಆಗಸ್ಟ್ ಕೊನೇಲಿ ಐಆರ್‌ಎ ಕದನವಿರಾಮ, 1998ರಲ್ಲಿ ಒಪ್ಪಂದ, ಅದೇ ವರ್ಷ ಯೂನಿಯನಿಸ್ಟ್ ನಾಯಕ ಡೇವಿಡ್ ಟ್ರಿಂಬಲ್ ಜೊತೆ ಶಾಂತಿ ನೊಬೆಲ್. ನಮ್ಮ ಭಾರತ ಸರ್ಕಾರ ಕೂಡ 2001ರ ಗಾಂಧಿ ಶಾಂತಿ ಪ್ರಶಸ್ತಿ ಕೊಟ್ಟಿದ್ದು ಇವ್ರಿಗೇ, ಇಲ್ಲಿ ಬಹಳ ಜನಕ್ಕೆ ಮರೆತೇ ಹೋಗಿದೆ. ಒಪ್ಪಂದದ ಬಗ್ಗೆ ಮ್ಯಾಲನ್ ಒಂದು ಮಾತು ಹೇಳಿದ್ರು, ಇದು ನಿಧಾನಕ್ಕೆ ಕಲಿಯೋರಿಗೆ ಸನ್ನಿಂಗ್‌ಡೇಲ್ ಅಂತ. 1973ರಲ್ಲಿ ನಾವು ಹೇಳಿದ್ದನ್ನ ನಿಮಗೆಲ್ಲ ಅರ್ಥ ಆಗೋಕೆ 25 ವರ್ಷ ಬೇಕಾಯ್ತು ಅನ್ನೋ ಚುಚ್ಚು. ಚೆನ್ನಾಗಿದೆ, ಆದ್ರೆ ವೋಟ್ ತರೋ ಮಾತಲ್ಲ ಅದು.

ಮೊದಲ ಪೆಟ್ಟು 2001ರಲ್ಲಿ. ಲಂಡನ್ ಪಾರ್ಲಿಮೆಂಟಿನ, ಅಂದ್ರೆ ವೆಸ್ಟ್‌ಮಿನ್‌ಸ್ಟರ್ ಎಲೆಕ್ಷನ್‌ನಲ್ಲಿ ಶಿನ್ ಫೇನ್ ಮೊದಲ ಸಲ ಎಸ್‌ಡಿಎಲ್‌ಪಿನ ದಾಟ್ತು, ಅಂತರ ಬರೀ ಆರು ಸಾವಿರ ವೋಟು. ಅದೇ ವರ್ಷ ಹ್ಯೂಮ್ ಮತ್ತೆ ಮ್ಯಾಲನ್ ಇಬ್ರೂ ಪಕ್ಷದ ಪದವಿಗಳಿಂದ ಇಳಿದ್ರು, ಮಾರ್ಕ್ ಡರ್ಕನ್ ಬಂದ್ರು. ಅದೇ ವರ್ಷ ಇನ್ನೊಂದು ನಡೀತು, ಪೊಲೀಸ್ ವಿಷಯ. ಆರ್‌ಯುಸಿ ಅನ್ನೋ ಹಳೇ ಪಡೆ ಹೋಗಿ ಹೊಸ ಪೊಲೀಸ್ ಪಡೆ ಬರ್ತಿತ್ತು, ಅದರ ಮೇಲ್ವಿಚಾರಣೆಗೆ ಪೊಲೀಸಿಂಗ್ ಬೋರ್ಡ್. ಕ್ಯಾಥೊಲಿಕ್ಕರ ಕಡೆಯಿಂದ ಅದರಲ್ಲಿ ಕೂರೋದು ಅಂದ್ರೆ ಬೆದರಿಕೆ, ದ್ರೋಹಿ ಅನ್ನೋ ಬೈಗುಳ. ಎಸ್‌ಡಿಎಲ್‌ಪಿ ಕೂತ್ಕೊಂಡ್ತು. ಶಿನ್ ಫೇನ್ ಆರು ವರ್ಷ ಹೊರಗೆ ನಿಂತು ಬೈದು, ಒಂದೊಂದು ಹೆಜ್ಜೆಗೂ ಲಂಡನ್‌ನಿಂದ ಏನಾದ್ರೂ ಕಿತ್ಕೊಂಡು, 2007ರಲ್ಲಿ ಒಳಗೆ ಬಂತು. ಆ ಆರು ವರ್ಷ ಆಗಿನ ಬ್ರಿಟನ್ ಪ್ರಧಾನಿ ಟೋನಿ ಬ್ಲೇರ್ ಯಾರ ಜೊತೆ ಮಾತಾಡ್ತಿದ್ರು? ಬಂದೂಕು ಇದ್ದೋರ ಜೊತೆ. ನಿಮ್ಮ ತೊಂದರೆ ಏನಂದ್ರೆ ನಿಮ್ಮ ಹತ್ರ ಬಂದೂಕಿಲ್ಲ ಅಂತ ಬ್ಲೇರ್ ತಮಗೆ ಹೇಳಿದ್ರು ಅಂತ ಮ್ಯಾಲನ್ ಆಮೇಲೆ ಬಹಿರಂಗವಾಗೇ ಹೇಳಿದ್ದಾರೆ. ವೋಟರ್‌ಗೂ ಅದೇ ಕಾಣ್ತು, ಲಂಡನ್ನಿಂದ ಏನಾದ್ರೂ ಗಿಟ್ಸೋ ತಾಕತ್ತು ಇರೋದು ಶಿನ್ ಫೇನ್‌ಗೆ ಅಂತ. 2003ರ ಅಸೆಂಬ್ಲಿಯಲ್ಲಿ ಲೆಕ್ಕ ಉಲ್ಟಾ, ಶಿನ್ ಫೇನ್ 24, ಎಸ್‌ಡಿಎಲ್‌ಪಿ 18.

ಇಲ್ಲಿವರೆಗೂ ಹಾವು ಹುತ್ತದ ವಾದ ಒಪ್ತೀನಿ. ಆಮೇಲಿಂದು ಬೇರೆ.

2004ರ ಯುರೋಪಿಯನ್ ಪಾರ್ಲಿಮೆಂಟ್ ಎಲೆಕ್ಷನ್ ನೋಡಿ. ಆ ಸೀಟಲ್ಲಿ ಹ್ಯೂಮ್ 1979ರಿಂದ ಕೂತಿದ್ರು, 1999ರಲ್ಲಿ ಶೇಕಡಾ 28 ವೋಟು. ಅವ್ರು ರಿಟೈರ್ ಆದ್ರು, ಬೇರೆ ಕ್ಯಾಂಡಿಡೇಟ್ ನಿಂತ್ರು, ಶೇಕಡಾ 16ಕ್ಕೆ ಬಿತ್ತು, ಸೀಟು ಶಿನ್ ಫೇನ್‌ಗೆ ಹೋಯ್ತು. ಅಂದ್ರೆ ಇಷ್ಟು ವರ್ಷ ಪಕ್ಷದ ವೋಟು ಅಂದ್ಕೊಂಡಿದ್ದರಲ್ಲಿ ಅರ್ಧಕ್ಕೆ ಹತ್ರ ಹ್ಯೂಮ್ ವೋಟು. ಮೂವತ್ತು ವರ್ಷ ಒಬ್ಬರ ಮುಖ ತೋರಿಸಿ ಗೆದ್ದ ಪಕ್ಷ, ವಾರ್ಡ್ ಮಟ್ಟದಲ್ಲಿ ಮನೆ ಮನೆಗೆ ಹೋಗಿ ಬಾಡಿಗೆ ಫಾರ್ಮ್ ತುಂಬ್ಸೋ, ಡ್ರೈನೇಜ್ ಕಂಪ್ಲೇಂಟ್ ತಗೊಳ್ಳೋ, ವೋಟಿನ ದಿನ ಅಜ್ಜಿನ ಕಾರಲ್ಲಿ ಕರ್ಕೊಂಡು ಬರೋ ಕಾರ್ಯಕರ್ತರ ಪಡೆನ ಕಟ್ಟಲೇ ಇಲ್ಲ. ಶಿನ್ ಫೇನ್‌ಗೆ ಜೈಲಿಂದ ಹೊರಗೆ ಬಂದ ಶಿಸ್ತಿನ ಹುಡುಗರಿದ್ರು, ಅಡ್ವೈಸ್ ಸೆಂಟರ್‌ಗಳಿದ್ವು, ಗಡಿಯಾಚೆ ಐರ್ಲೆಂಡ್ ರಿಪಬ್ಲಿಕ್‌ನಲ್ಲೂ ಒಂದೇ ಪಕ್ಷ ಒಂದೇ ಮೆಷಿನ್. ಎಸ್‌ಡಿಎಲ್‌ಪಿ ಹ್ಯೂಮ್ ನಂತರ ಐದು ನಾಯಕರನ್ನ ನೋಡಿದೆ: ಡರ್ಕನ್, ಮಾರ್ಗರೆಟ್ ರಿಚೀ, ಮೆಕ್‌ಡೊನೆಲ್, ಕೊಲಮ್ ಈಸ್ಟ್‌ವುಡ್, ಈಗ 2024ರ ಅಕ್ಟೋಬರಿಂದ ಕ್ಲೇರ್ ಹ್ಯಾನಾ. ರಿಚೀ ಇದ್ದಿದ್ದು ಎರಡು ವರ್ಷಕ್ಕೂ ಕಮ್ಮಿ. ಪ್ರತಿ ಸಲ ಹೊಸ ಮುಖ ಬಂದ್ರೆ ಸರಿ ಹೋಗುತ್ತೆ ಅಂದ್ಕೊಂಡ್ರು, ಕೆಳಗೆ ಆಳುಗಳೇ ಇಲ್ಲ ಅನ್ನೋದು ಹಾಗೇ ಉಳೀತು.

ಮೇಲಿಂದ ಒಂದು ನಿಯಮ ಬೇರೆ ಬದಲಾಯ್ತು. 1998ರ ಒಪ್ಪಂದದ ಪ್ರಕಾರ ಫಸ್ಟ್ ಮಿನಿಸ್ಟರ್ ಮತ್ತೆ ಡೆಪ್ಯುಟಿ ಇಬ್ರನ್ನೂ ಅಸೆಂಬ್ಲಿ ಒಟ್ಟಿಗೆ ವೋಟ್ ಹಾಕಿ ಆರಿಸ್ಬೇಕಿತ್ತು. 2006ರ ಸೇಂಟ್ ಆಂಡ್ರೂಸ್ ಒಪ್ಪಂದದ ಮೇಲೆ ಅದು ಹೋಗಿ, ದೊಡ್ಡ ಪಕ್ಷ ತಾನೇ ಫಸ್ಟ್ ಮಿನಿಸ್ಟರ್‌ನ ಹೆಸರಿಸುತ್ತೆ ಅಂತಾಯ್ತು. ಎರಡು ಹುದ್ದೆಗೂ ಅಧಿಕಾರ ಒಂದೇ, ಹೆಸರಷ್ಟೇ ಬೇರೆ, ಆದ್ರೂ ಇಡೀ ಎಲೆಕ್ಷನ್ ಯಾರು ನಂಬರ್ ಒನ್ ಅನ್ನೋ ಓಟ ಆಗೋಯ್ತು. ಯೂನಿಯನಿಸ್ಟರು ಡಿಯುಪಿ ಹಿಂದೆ, ನ್ಯಾಷನಲಿಸ್ಟರು ಶಿನ್ ಫೇನ್ ಹಿಂದೆ. 2017ರ ಪ್ರಚಾರದಲ್ಲಿ ಡಿಯುಪಿಯ ಆರ್ಲೀನ್ ಫಾಸ್ಟರ್, ಐರಿಷ್ ಭಾಷಾ ಕಾಯ್ದೆ ಕೇಳಿದ ಶಿನ್ ಫೇನ್‌ನ ಮೊಸಳೆಗೆ ಹೋಲಿಸಿ, ತಿನ್ಸಿದಷ್ಟೂ ಮತ್ತೆ ಬರುತ್ತೆ ಅಂದ್ರು. ಅದನ್ನ ಕೇಳಿ ಸಿಟ್ಟಾದ ಕ್ಯಾಥೊಲಿಕ್ ವೋಟರ್ ಮಧ್ಯಮ ಮಾರ್ಗದ ಎಸ್‌ಡಿಎಲ್‌ಪಿಗೆ ಯಾಕೆ ಹಾಕ್ತಾನೆ ಹೇಳಿ. ಆ ವರ್ಷ ಜೂನ್‌ನಲ್ಲಿ ವೆಸ್ಟ್‌ಮಿನ್‌ಸ್ಟರ್‌ನ ಮೂರಕ್ಕೆ ಮೂರೂ ಸೀಟು ಹೋಯ್ತು, ಹ್ಯೂಮ್ ಊರಿನ ಫೊಯ್ಲ್ ಕೂಡ, 169 ವೋಟಲ್ಲಿ.

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರೋದು 2022ರ ಎಲೆಕ್ಷನ್‌ನಲ್ಲಿ, ಅಲ್ಲಿ ಸ್ವಲ್ಪ ನಿಧಾನ ಮಾಡಿ ನೋಡಿ. ಆ ಸಲ ಶಿನ್ ಫೇನ್ ಮೊದಲ ಸ್ಥಾನಕ್ಕೆ ಬಂತು ಅಂತ ಪ್ರಪಂಚ ಪೂರ್ತಿ ಹೆಡ್‌ಲೈನು. ಆದ್ರೆ ಅದರ ಸೀಟು 2017ರಲ್ಲೂ 27, 2022ರಲ್ಲೂ 27! ಎಸ್‌ಡಿಎಲ್‌ಪಿ 12ರಿಂದ 8ಕ್ಕೆ ಇಳೀತಲ್ಲ, ಆ ನಾಲ್ಕು ಎಲ್ಲಿ ಹೋಯ್ತು? ಬೆಲ್‌ಫಾಸ್ಟಿನ ಉತ್ತರ ಭಾಗದ ಕ್ಷೇತ್ರ, ಅಪ್ಪರ್ ಬ್ಯಾನ್, ಲಗಾನ್ ವ್ಯಾಲಿ, ಸೌತ್ ಡೌನ್. ಈ ನಾಲ್ಕು ಕ್ಷೇತ್ರದಲ್ಲೂ ಎಸ್‌ಡಿಎಲ್‌ಪಿ ಒಂದೊಂದು ಸೀಟು ಕಳ್ಕೊಂಡ್ತು, ನಾಲ್ಕರಲ್ಲೂ ಅಲಯನ್ಸ್ ಪಾರ್ಟಿ ಒಂದೊಂದು ಹೆಚ್ಚಿಗೆ ಗೆದ್ದುಕೊಂಡ್ತು. ಉತ್ತರ ಬೆಲ್‌ಫಾಸ್ಟಲ್ಲಿ ಸೋತಿದ್ದು ಆಗ ಮಿನಿಸ್ಟರ್ ಆಗಿದ್ದ, ಪಕ್ಷದ ಉಪನಾಯಕಿ ನಿಕೋಲಾ ಮ್ಯಾಲನ್. ಅಲಯನ್ಸ್ ಅಂದ್ರೆ ಗೊತ್ತಲ್ಲ, ಯೂನಿಯನಿಸ್ಟೂ ಅಲ್ಲ ನ್ಯಾಷನಲಿಸ್ಟೂ ಅಲ್ಲ ಅನ್ನೋ ಪಕ್ಷ. 2017ರಲ್ಲಿ ಅಲಯನ್ಸ್ ಪಾಲು ಶೇಕಡಾ 9.1 ಇತ್ತು, 2022ರಲ್ಲಿ 13.5 ಆಯ್ತು. ಎಸ್‌ಡಿಎಲ್‌ಪಿ 11.9 ಇದ್ದಿದ್ದು 9.1 ಆಯ್ತು. ಅಂದ್ರೆ ಎರಡು ಕಡೆಯಿಂದ ಕತ್ತರಿ: ಐರ್ಲೆಂಡ್ ಒಂದಾಗ್ಬೇಕು ಅಂತ ಬಿಸಿಯಾಗಿರೋರು ಶಿನ್ ಫೇನ್‌ಗೆ, ಬಾವುಟದ ಜಗಳವೇ ಬೇಡಪ್ಪ ಆಸ್ಪತ್ರೆ ಸರಿ ಮಾಡಿ ಅನ್ನೋ ಓದಿದ ಯುವಕರು ಅಲಯನ್ಸ್‌ಗೆ. ಬಾವುಟ ತಿಂದು ಹೊಟ್ಟೆ ತುಂಬಲ್ಲ ಅನ್ನೋದನ್ನ ಈಗ ಅಲಯನ್ಸ್‌ನೋರು ಇನ್ನೂ ಜೋರಾಗಿ ಹೇಳ್ತಾರೆ.

ಎಂಟು ಸೀಟಿನ ಬೆಲೆ ಏನಂತ 2024ರ ಫೆಬ್ರವರಿಯಲ್ಲಿ ಗೊತ್ತಾಯ್ತು. ಅಲ್ಲಿ ಮಂತ್ರಿಗಿರಿ ಹಂಚೋದು ಡಿ'ಹಾಂಟ್ ಅನ್ನೋ ಭಾಗಾಕಾರದ ಲೆಕ್ಕದಲ್ಲಿ, ಪಕ್ಷದ ಸೀಟನ್ನ 1, 2, 3ರಿಂದ ಭಾಗಿಸ್ತಾ ಹೋಗೋದು, ದೊಡ್ಡ ಸಂಖ್ಯೆ ಬಂದೋರಿಗೆ ಮೊದಲ ಆಯ್ಕೆ. ನ್ಯಾಯ ಇಲಾಖೆ ಪ್ರತ್ಯೇಕ ವೋಟಲ್ಲಿ ಅಲಯನ್ಸ್‌ಗೆ ಹೋಯ್ತು, ಅದು ಅವ್ರ 17 ಸೀಟಿನ ಮೊದಲ ಪಾಲು ಅಂತ ಲೆಕ್ಕ, ಉಳಿದಿದ್ದು ಏಳು. ಶಿನ್ ಫೇನ್ 27, ಡಿಯುಪಿ 25, ಮತ್ತೆ ಶಿನ್ ಫೇನ್ 13.5, ಡಿಯುಪಿ 12.5, ಆಮೇಲೆ ಶಿನ್ ಫೇನ್‌ದು 9, ಅಲ್ಸ್ಟರ್ ಯೂನಿಯನಿಸ್ಟ್‌ದು 9, ಕೊನೇಗೆ ಅಲಯನ್ಸ್ 8.5. ಮುಗೀತು ಏಳು. ಎಸ್‌ಡಿಎಲ್‌ಪಿಯ 8 ಬರೋ ಹೊತ್ತಿಗೆ ಕುರ್ಚಿ ಖಾಲಿ ಇಲ್ಲ. 1999ರಲ್ಲಿ ಹತ್ತು ಖಾತೆಯಲ್ಲಿ ಮೂರು ಇವ್ರದ್ದಿತ್ತು, ಫೈನಾನ್ಸ್ ಸೇರಿ, ಆಗ ಶಿನ್ ಫೇನ್‌ಗೆ ಎರಡೇ.

ಪಕ್ಷದವ್ರು ಸುಮ್ನೆ ಕೂತಿರ್ಲಿಲ್ಲ, ಏನೇನೋ ಮಾಡಿದ್ರು. 2019ರ ಜನವರಿಯಲ್ಲಿ ರಿಪಬ್ಲಿಕ್‌ನ ಫಿಯನಾ ಫಾಲ್ ಜೊತೆ ಪಾರ್ಟ್‌ನರ್‌ಶಿಪ್ ಅಂದ್ರು, ಎಡಪಂಥೀಯ ಪಕ್ಷ ಹೋಗಿ ಮಧ್ಯ-ಬಲಪಂಥೀಯ ಪಕ್ಷದ ಕೈ ಹಿಡಿದ್ರೆ ಏನಾಗುತ್ತೆ, ಒಳಗೇ ಒಡಕು, ಈಗ ನಾಯಕಿ ಆಗಿರೋ ಹ್ಯಾನಾನೇ ಅವತ್ತು ವಿರೋಧಿಸಿ ವಕ್ತಾರೆ ಸ್ಥಾನ ಬಿಟ್ರು. 2022ರಲ್ಲಿ ಅದೂ ಮುಗೀತು. ಗರ್ಭಪಾತದ ವಿಷಯದಲ್ಲಿ ಬಹಳ ಕಾಲ ಚರ್ಚ್ ಕಡೆ ನಿಂತು 2018ರಲ್ಲಿ ಅವರವರ ಮನಸ್ಸಾಕ್ಷಿಗೆ ಬಿಟ್ರು, ಅಷ್ಟೊತ್ತಿಗೆ ಹುಡುಗೀರ ವೋಟು ಬೇರೆ ಕಡೆ ಹೋಗಿತ್ತು. ಬ್ರೆಕ್ಸಿಟ್ ಒಂದು ಸಲ ಕೈ ಹಿಡೀತು: ಶಿನ್ ಫೇನ್ ಎಂಪಿಗಳು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಕೂರಲ್ಲ, ಕೂತು ಮಾತಾಡೋರು ಬೇಕು ಅಂತ ಜನ 2019ರಲ್ಲಿ ಫೊಯ್ಲ್‌ನಲ್ಲಿ ಈಸ್ಟ್‌ವುಡ್‌ನ 17 ಸಾವಿರ ಅಂತರದಲ್ಲಿ, ದಕ್ಷಿಣ ಬೆಲ್‌ಫಾಸ್ಟಲ್ಲಿ ಹ್ಯಾನಾನ 15 ಸಾವಿರದಲ್ಲಿ ಗೆಲ್ಸಿದ್ರು. 2024ರಲ್ಲೂ ಇಬ್ರೂ ಗೆದ್ರು, ಆದ್ರೆ ಈಸ್ಟ್‌ವುಡ್ ಅಂತರ ನಾಲ್ಕು ಸಾವಿರ ಚಿಲ್ಲರೆಗೆ ಬಂತು.

ಮುಗಿದು ಹೋಗುತ್ತಾ? ನನಗೆ ಹಂಗನ್ಸಲ್ಲ, ಎರಡು ಊರಿನ ಪಕ್ಷ ಆಗಿ ಉಳಿಯುತ್ತೆ, ಡೆರ್ರಿ ಮತ್ತೆ ದಕ್ಷಿಣ ಬೆಲ್‌ಫಾಸ್ಟ್, ಜೊತೆಗೆ ಅಲ್ಲಲ್ಲಿ ಒಂದೊಂದು ಸೀಟು. ಮಂತ್ರಿಗಿರಿ ಸಿಗದೇ ಇದ್ದಿದ್ದು ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು, ಈಗ ಸ್ಟಾರ್ಮಾಂಟ್‌ನಲ್ಲಿ ಅಧಿಕೃತ ವಿರೋಧ ಪಕ್ಷ ಇವ್ರೇ, ಮ್ಯಾಥ್ಯೂ ಓ'ಟೂಲ್ ವಿಪಕ್ಷ ನಾಯಕ. ಆಸ್ಪತ್ರೆ ವೇಟಿಂಗ್ ಲಿಸ್ಟು, ಲೋಕ್ ನೇ ಸರೋವರದ ಹಸಿರು ಪಾಚಿ, ಇಂಥದ್ದಕ್ಕೆ ಶಿನ್ ಫೇನ್‌ನ ಫಸ್ಟ್ ಮಿನಿಸ್ಟರ್ ಮಿಷೆಲ್ ಓ'ನೀಲ್ ಸರ್ಕಾರನ ಪ್ರಶ್ನೆ ಕೇಳೋ ಕುರ್ಚಿ ಸಿಕ್ಕಿದೆ. ಎಡಪಂಥ ಅಂತ ಹೇಳ್ಕೊಳ್ಳೋಕೆ ಫಿಟ್ ಬಿಟ್ಟುಹೋದ್ಮೇಲೆ ಸಿಕ್ಕ ಒಳ್ಳೆ ಅವಕಾಶ ಇದು. ಆದ್ರೆ ಟಿವಿಯಲ್ಲಿ ಚೆನ್ನಾಗಿ ಮಾತಾಡೋದು ಯಾವತ್ತೂ ಇವ್ರ ಸಮಸ್ಯೆ ಆಗಿರ್ಲಿಲ್ಲ, 39 ಕೌನ್ಸಿಲರ್‌ಗಳನ್ನ ಇಟ್ಕೊಂಡು ಬೀದಿಗಿಳಿಯೋದು ಹೇಗೆ ಅನ್ನೋದೇ ಸಮಸ್ಯೆ, ಅದಕ್ಕೆ ಉತ್ತರ ನನಗಿನ್ನೂ ಕಂಡಿಲ್ಲ.

ಕೊನೇದು ನಿಮ್ಮ ವೋಟು. ಹೌದು ಇದೆ, ಕಾನೂನುಬದ್ಧವಾಗಿ ಅಲ್ಲಿ ವಾಸ ಇರೋ ಭಾರತೀಯ ಪ್ರಜೆ ಕಾಮನ್‌ವೆಲ್ತ್ ಲೆಕ್ಕದಲ್ಲಿ ರಿಜಿಸ್ಟರ್ ಮಾಡ್ಕೋಬಹುದು, ಉತ್ತರ ಐರ್ಲೆಂಡಿನ ಎಲೆಕ್ಟೋರಲ್ ಆಫೀಸಲ್ಲಿ. ಬೂತಿಗೆ ಫೋಟೋ ಐಡಿ ಬೇಕೇ ಬೇಕು, ಇಲ್ದಿದ್ರೆ ಅವ್ರೇ ಫ್ರೀಯಾಗಿ ಎಲೆಕ್ಟೋರಲ್ ಐಡೆಂಟಿಟಿ ಕಾರ್ಡ್ ಕೊಡ್ತಾರೆ. ವೇಸ್ಟ್ ಅನ್ನೋ ಭಯ ವೆಸ್ಟ್‌ಮಿನ್‌ಸ್ಟರ್‌ಗೆ ಸರಿ, ಅಲ್ಲಿ ನಮ್ಮ ಲೋಕಸಭೆ ಥರಾನೇ ಜಾಸ್ತಿ ವೋಟ್ ಬಂದೋರು ಗೆದ್ರು ಅಷ್ಟೇ. ಅಸೆಂಬ್ಲಿಗೆ ಹಂಗಲ್ಲ, ಒಂದು ಕ್ಷೇತ್ರಕ್ಕೆ ಐದು ಜನ, ನೀವು 1, 2, 3 ಅಂತ ನಂಬರ್ ಬರೀತೀರ, ಆರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ವೋಟು ಬಂದೋರು ಗೆದ್ರು, ಗೆದ್ದೋರ ಹೆಚ್ಚುವರಿ ವೋಟು ಮತ್ತೆ ಕೆಳಗಿದ್ದು ಔಟ್ ಆದೋರ ವೋಟು ಮುಂದಿನ ನಂಬರ್‌ಗೆ ಹೋಗುತ್ತೆ. ಎಸ್‌ಡಿಎಲ್‌ಪಿ ಬದುಕಿರೋದೇ ಈ ಎರಡನೇ ಮೂರನೇ ನಂಬರ್‌ಗಳಿಂದ, ಎಲ್ಲಾ ಕಡೆಯೋರೂ ಇವ್ರಿಗೆ ಒಂದು ನಂಬರ್ ಕೊಡ್ತಾರೆ, ಮೊದಲ ನಂಬರ್ ಕೊಡೋರೇ ಕಮ್ಮಿ. ನೀವು 1 ಅವ್ರಿಗೆ ಹಾಕಿ 2 ಇನ್ಯಾರಿಗೋ ಹಾಕಿದ್ರೆ, ಅವ್ರು ಔಟ್ ಆದ್ರೂ ನಿಮ್ಮ ವೋಟು ಎರಡನೇಯವ್ರ ಲೆಕ್ಕದಲ್ಲಿ ಜೀವಂತ ಇರುತ್ತೆ. ಮಿನಿಮಮ್ ನಾಲ್ಕೈದು ನಂಬರ್ ಬರೀರಿ, ಒಂದಕ್ಕೇ ನಿಲ್ಲಿಸ್ಬೇಡಿ.